ಆ ಮನೆಯಲ್ಲಿ ಇಲ್ಲದ ಕೊಡಲಿ

ಜಿಲ್ಲೆಯ ಮಾನ್ಯ ದಂಡಾಧಿಕಾರಿಗಳವರ ಸನ್ನಿಧಿಗೆ,
ವಾರಪತ್ರಿಕೆಯ ಮುಖಾಂತರ, ಸರ್ವರೂ ಓದುವಂತೆ.

ಗದಗ, ತಾ. ೧೪ ಜನವರಿ ೧೯೫೭

ತಪಶೀಲು:
೧. ಅರಿಕೆ ಮಾಡಿಕೊಳ್ಳುವವನ ಹೆಸರು: ಮಾರ್ತಾಂಡ ಗೋಪಾಲ ಅರ್ಚಕ. ವಯಸ್ಸು ೬೭. ಕಸುಬು: ೧೯೨೫ನೇ ಇಸವಿಯಿಂದ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವುದು.
೨. ಯಾರ ಸಲುವಾಗಿ: ಬೆಟಗೇರಿಯ ನೇಕಾರ ಖಾಜಾಸಾಬನ ಹೆಂಡತಿ ಗೌಸಬಿ. ವಯಸ್ಸು ೨೨. ಚೊಚ್ಚಲ ಹೆರಿಗೆ ಆದದ್ದು ಕಳೆದ ಡಿಸೆಂಬರ್ ೧೩ರಂದು.
೩. ಸದರಿಯವಳ ಸದ್ಯದ ವಾಸ: ಒಂದು ಪೊಲೀಸ್ ಠಾಣೆಯ ಲಾಕಪ್ಪು, ಜನವರಿ ೨ರಿಂದ. ಠಾಣೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಅಲ್ಲಿಯ ಜಮಾದಾರನಿಗೂ ಮಕ್ಕಳಿದ್ದಾರೆ.
೪. ಅವಳ ಮೇಲಿನ ಆರೋಪ: ಕೊಡಲಿಯಿಂದ ಅತ್ತೆಯನ್ನೂ ಹಸುಗೂಸನ್ನೂ ಕೊಲ್ಲಲು ಯತ್ನಿಸಿದ್ದು.
೫. ಆ ಮನೆಯಲ್ಲಿದ್ದ ಕೊಡಲಿಗಳ ಸಂಖ್ಯೆ: ಇಲ್ಲ.
೬. ಮುಂದಿನ ತಾರೀಖು: ಇದೇ ೧೭, ಗುರುವಾರ. ಅಂದು ಅವಳನ್ನು ಜಿಲ್ಲೆಯ ಜೇಲಿಗೆ ಸಾಗಿಸತಕ್ಕದ್ದೆಂದು ತಿಳಿದುಬಂದಿದೆ.

ಮಾನ್ಯರೇ,

ಒಬ್ಬ ಬಾಳಂತಿಗೆ ಬುದ್ಧಿ ಕದಡಿತು. ಅವಳ ಗಂಡ ಆಸ್ಪತ್ರೆ ಕೇಳಿದ. ಸರಕಾರ ಐದು ಲಾಠಿಗಳನ್ನು ಕಳಿಸಿತು. ಅವಳ ಬಲಗೈಯ ಮಣಿಕಟ್ಟು ಮುರಿದಿದೆ, ಎರಡು ಹಲ್ಲು ಬಿದ್ದಿವೆ, ಎದೆಯಲ್ಲಿ ಹಾಲು ಕಟ್ಟಿ ಗಂಟಾಗಿ ಜ್ವರ ಬಂದಿದೆ. ಇಂದಿಗೆ ಹದಿಮೂರನೆಯ ದಿನ ಅವಳು ಕಳ್ಳರನ್ನು ಕೂಡಿಹಾಕುವ ಕೋಣೆಯಲ್ಲಿದ್ದಾಳೆ. ನನ್ನ ತಕರಾರು ಇಷ್ಟೇ. ಇಷ್ಟು ಚಿಕ್ಕದಾಗಿ ನಾನು ಯಾವ ಅರ್ಜಿಯನ್ನೂ ಬರೆದವನಲ್ಲ. ನನ್ನ ಕಸುಬಿನಲ್ಲಿ ಮೊದಲ ಪುಟ ವಂದನೆಗೇ ಮೀಸಲು.

ಮಾನ್ಯರು ಪ್ರಾಯಶಃ ಮನೆಯಲ್ಲಿ ಚೇಳು ಕಡಿಸಿಕೊಂಡವರನ್ನು ಕಂಡಿರಬಹುದು. ಚೇಳು ಕಡಿದವನು ಚೀರುತ್ತ ಬಂದರೆ ನಮ್ಮ ದವಾಖಾನೆಯ ಬಾಗಿಲು ತೆರೆಯುತ್ತದೆ. ಅವನು ಯಾರನ್ನಾದರೂ ಕೊಲ್ಲಲು ಹೋಗಿದ್ದನೇ ಎಂದು ಕಂಪೌಂಡರ ವಿಚಾರಿಸುವುದಿಲ್ಲ. ಗಿಡದಿಂದ ಬಿದ್ದು ಕಾಲು ಮುರಿದವನಿಗೆ, ಮೊದಲು ನೆರೆಯವರ ಕಾಲು ಮುರಿದು ಬಾ, ಆಮೇಲೆ ನಿನ್ನದನ್ನು ಕಟ್ಟುತ್ತೇವೆ ಎನ್ನುವುದಿಲ್ಲ. ಆದರೆ ಪೆಟ್ಟು ಬುದ್ಧಿಗೆ ಬಿದ್ದರೆ? ಆಗ ಅರ್ಜಿ ಬೇಕು, ಅದಕ್ಕೆ ಕೋರ್ಟ್ ಫೀ ಟಿಕೀಟು ಬೇಕು, ಇಬ್ಬರು ಡಾಕ್ಟರರ ದಾಖಲೆ ಬೇಕು, ಮ್ಯಾಜಿಸ್ಟ್ರೇಟರ ಹುಕುಂ ಬೇಕು. ಇವೆಲ್ಲ ಜಲ್ದಿ ಸಿಗಬೇಕಾದರೆ ರೋಗಿ ಯಾರ ಮೇಲಾದರೂ ಕೈ ಮಾಡಿರಬೇಕು. ೧೯೧೨ನೇ ಇಸವಿಯ ಹುಚ್ಚರ ಕಾಯಿದೆಯಲ್ಲಿ ಏನು ಬರೆದಿದೆಯೋ ಅದನ್ನು ಬಲ್ಲವರು ತಾವು. ಕಚೇರಿಯ ರೂಢಿ ಏನಿದೆಯೋ ಅದನ್ನು ಬಲ್ಲವನು ನಾನು. ರೂಢಿಯ ಪ್ರಕಾರ, ಸದ್ದಿಲ್ಲದೆ ಸಾಯಲು ಹೊರಟ ಹುಚ್ಚನಿಗೆ ಸರಕಾರದಲ್ಲಿ ಸ್ಥಳವಿಲ್ಲ.

ಅದಕ್ಕಾಗಿಯೇ ಕೊಡಲಿ ಹುಟ್ಟಿತು. ಅದರ ಜಾತಕವನ್ನು ಹೇಳಲು ನನಗಿಂತ ಅರ್ಹರು ಈ ಸೀಮೆಯಲ್ಲಿ ಯಾರೂ ಇಲ್ಲ.

ನಾನು ಶಾಲೆ ಕಲಿತದ್ದು ಕಡಿಮೆ, ಕಂಡು ಬರೆದದ್ದು ಹೆಚ್ಚು. ಹರೆಯದಲ್ಲಿ ಗುರುಗಳ ನಮೂನೆ ಪುಸ್ತಕವನ್ನು ಮೂರು ಸಲ ಶುದ್ಧ ಪ್ರತಿ ಮಾಡಿದೆ. ಹೊಲದ ವಾಟ್ನಿಗೆ, ಅಂದರೆ ಪಾಲಿಗೆ, ಒಂದು ನಮೂನೆ, ಸತ್ತವರ ಹೆಸರು ದಫ್ತರದಿಂದ ಕಡಿಮೆ ಮಾಡಲು ಒಂದು, ಬುದ್ಧಿಭ್ರಮಣೆಯಾದವರನ್ನು ಆಸ್ಪತ್ರೆಗೆ ಕಳಿಸಲು ಒಂದು. ಆ ಕೊನೆಯ ನಮೂನೆಯಲ್ಲಿ ಹೀಗೊಂದು ವಾಕ್ಯವಿತ್ತು: "ಸದರಿ ಇಸಮು ಕೊಡಲಿಯನ್ನು ಹಿಡಿದುಕೊಂಡು ಮನೆಯ ಜನರನ್ನು ಕಡಿದು ಕೊಲ್ಲಲು ಧಾವಿಸಿ ಬರುತ್ತಿದ್ದು, ಸರ್ವರ ಪ್ರಾಣಕ್ಕೂ ಅಪಾಯ ಒದಗಿರುತ್ತದೆ." ಗುರುಗಳು ಹೇಳಿದ್ದರು: "ಮಾರ್ತಾಂಡಾ, ಉಳಿದದ್ದೆಲ್ಲಾ ಬೇಕಾದ್ರ ಬಿಡು. ಇದನ್ನ ಬಿಡಬ್ಯಾಡ. ಇದಿಲ್ಲದ ಅರ್ಜಿ ಕಾಗದದ ಕಟ್ಟಿನ ತಳಕ್ಕ ಹೋಗತದ." ನಾನು ಬಿಡಲಿಲ್ಲ. ಮೂವತ್ತೊಂದು ವರ್ಷ ಬಿಡಲಿಲ್ಲ. ನನ್ನ ಅಕ್ಷರ ಮುತ್ತು ಪೋಣಿಸಿದಂತಿದೆ ಎಂದು ಮೂವರು ಮಾಮಲೇದಾರರು ಹೇಳಿದ್ದಾರೆ. ನನ್ನ ಒಂದು ಅರ್ಜಿಯೂ ದೋಷಕ್ಕಾಗಿ ಮರಳಿ ಬಂದಿಲ್ಲ. ಈ ಮಾತನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ.

ಹಳೆಯ ಕಚೇರಿಯಲ್ಲಿ ಈ ಗುಟ್ಟು ಎಲ್ಲರಿಗೂ ಗೊತ್ತಿತ್ತು. ಮುಂಬಯಿ ಸರಕಾರದ ಕಾಲದ ಗುಮಾಸ್ತನೊಬ್ಬ ನನ್ನನ್ನು ಕಂಡರೆ, "ಏನ್ರಿ ಮಾರ್ತಾಂಡರಾಯರ, ಈ ವಾರ ನಿಮ್ಮ ಕೊಡ್ಲಿ ಯಾವ ಊರಾಗ ಎದ್ದೈತಿ?" ಎಂದು ನಗುತ್ತಿದ್ದ. ಕೊಡಲಿ ಎಂದರೆ "ಇವರಿಗೆ ಬಹಳ ತ್ರಾಸಾಗಿದೆ, ದಯಮಾಡಿ ಬೇಗ ನೋಡಿರಿ" ಎಂದು ಅವನು ಅರ್ಥ ಮಾಡಿಕೊಂಡು ಕಾಗದವನ್ನು ಮುಂದೆ ದೂಡುತ್ತಿದ್ದ. ನಾನೂ ನಗುತ್ತಿದ್ದೆ. ಆದರೆ ಆ ಗುಮಾಸ್ತನ ನಗೆ ಕಾಗದದ ಸಂಗಡ ಹಳ್ಳಿಗೆ ಹೋಗುತ್ತಿರಲಿಲ್ಲ. ಹಳ್ಳಿಗೆ ಕೊಡಲಿ ಮಾತ್ರ ಹೋಗುತ್ತಿತ್ತು.

ಇದರ ಫಲವನ್ನು ನಾನು ಒಮ್ಮೆ ಕಂಡಿದ್ದೆ. ಕಂಡೂ ಕಲಿಯಲಿಲ್ಲ. ೧೯೪೩ರಲ್ಲಿ ಬೆಳ್ಳಟ್ಟಿಯ ಸಾವಿತ್ರೆವ್ವ ನನ್ನ ಗಿಡದ ಕೆಳಗೆ ಬಂದು ಕುಳಿತಳು. ಅವಳ ಗಂಡ ಮಾತು ಬಿಟ್ಟಿದ್ದ, ಅನ್ನ ಬಿಟ್ಟಿದ್ದ, ಗೋಡೆಗೆ ಹಣೆ ಹಚ್ಚಿ ನಿಂತುಬಿಡುತ್ತಿದ್ದ. ಗೋಡೆಗೆ ಹಣೆ ಹಚ್ಚುವವನನ್ನು ಯಾವ ಸರಕಾರ ಕೇಳೀತು? ನಾನು ಅವನ ಕೈಗೆ ಕೊಡಲಿ ಕೊಟ್ಟೆ. ಅರ್ಜಿಯನ್ನು ಚಾವಡಿಯಲ್ಲಿ ಎಲ್ಲರ ಎದುರಿಗೆ ಓದಿದರು. ಅವನನ್ನು ಬಂಡಿಯಲ್ಲಿ ಹಗ್ಗದಿಂದ ಬಿಗಿದು ಗದಗಿನ ದಾರಿ ಹಿಡಿದರು. ಹಳ್ಳದ ಹತ್ತಿರ ಅವನು ಹಗ್ಗ ಸಡಿಲಿಸಿಕೊಂಡು ನೀರು ಕುಡಿಯಲು ಇಳಿದ. ಸಂಗಡಿದ್ದವರು ಕೊಡಲಿಯ ಸುದ್ದಿ ಕೇಳಿದವರು. ಬಂಡಿಯ ಗೂಟ ಕಿತ್ತು ಹೊಡೆದರು. ಬಿದ್ದ ಮೇಲೂ ಹೊಡೆದರು. ನೀರಿನಲ್ಲಿ ಬಾಯಿ ಇಟ್ಟವನು ಅಲ್ಲಿಯೇ ಸತ್ತ. ಆಗ ಹಳ್ಳದ ಆ ದಂಡೆ ಸಾಂಗಲಿ ಸಂಸ್ಥಾನ, ಈ ದಂಡೆ ಇಂಗ್ಲಿಷ್ ಸರಕಾರ. ಎರಡೂ ಕಡೆಯ ಪೊಲೀಸರು ಬಂದು ಹೆಣ ಯಾರದೆಂದು ಸಂಜೆಯವರೆಗೆ ವಾದಿಸಿದರು. ತಲೆ ಒಂದು ರಾಜ್ಯದಲ್ಲಿತ್ತು, ಕಾಲು ಇನ್ನೊಂದರಲ್ಲಿ. ನಾನು ಆ ದಿನ ಗಡಿಯನ್ನು ಬೈದೆ. ಪರದೇಶೀ ಆಡಳಿತವನ್ನು ಬೈದೆ. ಸ್ವಾತಂತ್ರ್ಯ ಬರಲಿ, ಸಂಸ್ಥಾನಗಳು ಹೋಗಲಿ, ಕನ್ನಡದ ಜನ ಒಂದಾಗಲಿ, ಆಗ ಹೀಗಾಗದು ಎಂದೆ. ನನ್ನ ವಾಕ್ಯವನ್ನು ಮಾತ್ರ ಬೈಯಲಿಲ್ಲ.

ಸ್ವಾತಂತ್ರ್ಯ ಬಂತು. ಶಿರಹಟ್ಟಿಯೂ ಲಕ್ಷ್ಮೇಶ್ವರವೂ ನಮ್ಮೊಡನೆ ಸೇರಿದವು. ಕಳೆದ ನವೆಂಬರದಲ್ಲಿ ಏಕೀಕರಣವೂ ಆಯಿತು. ನಮ್ಮ ಭಾಷೆಯನ್ನು ನಮ್ಮಂತೆಯೇ ಓದಬಲ್ಲ ಅಧಿಕಾರಿ ಬರಬೇಕೆಂದು ನಾವು ಮೆರವಣಿಗೆ ತೆಗೆದಿದ್ದೆವಲ್ಲವೇ? ಬಂದರು. ನಮ್ಮ ತಾಲೂಕಿನ ಹೊಸ ಮ್ಯಾಜಿಸ್ಟ್ರೇಟರು, ಕರ್ತವ್ಯನಿಷ್ಠರು. ಮೂವತ್ತೊಂದು ವರ್ಷದಲ್ಲಿ ನನ್ನ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಪ್ರಥಮ ಅಧಿಕಾರಿ ಅವರೇ. ಓದಿದ್ದನ್ನು ನಂಬಿದರು. ಇದಕ್ಕಿಂತ ದೊಡ್ಡ ಅನಾಹುತ ಇನ್ನೇನು ಆಗಬೇಕು?

ಖಾಜಾಸಾಬ ನನ್ನಲ್ಲಿಗೆ ಬಂದದ್ದು ಹೊಸ ವರ್ಷದ ಮೊದಲ ದಿನ. ಮಗ್ಗದ ಮುಂದೆ ಕುಳಿತು ಬಾಗಿದ ಬೆನ್ನು, ಕೆಂಪಾದ ಕಣ್ಣು.

"ರಾಯರ, ನನ್ನ ಹೇಣ್ತಿ ಐದ ದಿನಾ ಆತು ಕಣ್ಣ ಮುಚ್ಚಿಲ್ಲ. ತೊಡಿ ಮ್ಯಾಲಿನ ಕೂಸ ತನ್ನದಲ್ಲ ಅಂತಾಳ. ತನ್ನ ಕೂಸ ಬಾವ್ಯಾಗ ಅಳಾಕತ್ತೈತಿ, ಬಿಡ್ರಿ ತರ್ತೀನಿ ಅಂತ ಓಡ್ತಾಳ. ಎರಡ ಸಲ ಸೆರಗ ಹಿಡದ ಎಳದೀವಿ. ಮೂರನೇ ಸಲ ಸೆರಗ ಹರದ್ರ ಏನ್ ಮಾಡ್ಲಿ?"

"ದವಾಖಾನಿಗೆ ಒಯ್ದಿದ್ದಿ ಏನು?"

"ಒಯ್ದಿದ್ನಿರಿ. ತಲಿ ಕೆಟ್ಟವರನ್ನ ಇಲ್ಲಿ ನೋಡಂಗಿಲ್ಲ, ಸಾಹೇಬರ ಹುಕುಂ ತಗೊಂಡ ಬಾ ಅಂದ್ರು. ಬಾಗಲದಾಗ ನಿಂತ ಹೇಳಿದ್ರು. ಒಳಗ ಕರೀಲಿಲ್ಲ."

"ಯಾರಿಗರೆ ಹೊಡದಾಳೇನು?"

"ಇಲ್ರಿ! ನನಗ, ನೀ ಉಣ್ಣ ಹೋಗು, ನಾ ಕೂಸ ತಗೊಂಡ ಬರ್ತೀನಿ ಅಂತಾಳ."

ನಾನು ಲೆಕ್ಕಣಿಕೆ ಹಿಡಿದು ಯೋಚಿಸಿದೆ. ಬಾವಿಗೆ ಹಾರಲು ಹೋದಳೆಂದು ಬರೆದರೆ ಅದು ಆತ್ಮಹತ್ಯೆಯ ಪ್ರಯತ್ನ, ಅಪರಾಧ. ಹೋಗಲಿಲ್ಲವೆಂದು ಬರೆದರೆ ಯಾರೂ ಬರುವುದಿಲ್ಲ. ಕೂಸನ್ನು ಉಳಿಸಲು ಓಡುವ ತಾಯಿಗೆ ನನ್ನ ಪುಸ್ತಕದಲ್ಲಿ ನಮೂನೆ ಇರಲಿಲ್ಲ. "ಕೊಡ್ಲಿ ಅಂತ ಬರೀತೀನಿ" ಎಂದೆ.

"ಅಯ್ಯ, ನಮ್ಮ ಮನ್ಯಾಗ ಕೊಡ್ಲಿ ಎಲ್ಲೈತ್ರಿ? ನಾವು ಸೀಳಿದ ಕಟಗೀನ ತರ್ತೀವಿ."

"ಮನ್ಯಾಗ ಯಾಕ ಇರಬೇಕೋ ಖಾಜಾ? ಅರ್ಜ್ಯಾಗ ಇದ್ರ ಸಾಕು."

ಹೀಗೆ ಹೇಳಿ ನಾನು ನಕ್ಕೆ. ನಾನು ನಕ್ಕದ್ದನ್ನು ನೋಡಿ ಅವನಿಗೆ ಧೈರ್ಯ ಬಂತು. ಓದಲು ಬಾರದವನು, ಹೆಬ್ಬೆಟ್ಟು ಒತ್ತಿದ. ಅರ್ಜಿಯಲ್ಲಿ ಅತ್ತೆಯನ್ನೂ ಕೂಸನ್ನೂ ಸೇರಿಸಿದವನು ನಾನೇ. ಕೇವಲ ಅತ್ತೆಯನ್ನು ಕೊಲ್ಲಲು ಹೋದಳೆಂದರೆ ಸಾಹೇಬರು ನಕ್ಕಾರು ಎಂಬ ಅಂಜಿಕೆಯಿಂದ.

ಮರುದಿನ, ಬುಧವಾರ, ಬೆಳಗಿನ ಹತ್ತು ಗಂಟೆ. ಹುಕುಂ ಆಯಿತೆಂಬ ಖಬರು ಕೇಳಿ, ಇಷ್ಟು ಶೀಘ್ರವಾಗಿ ನನ್ನ ಅರ್ಜಿಗೆ ಎಂದೂ ಫಲ ಸಿಕ್ಕಿರಲಿಲ್ಲವೆಂಬ ಸಂತೋಷದಿಂದ, ನಾನೂ ಬೆಟಗೇರಿಗೆ ಹೋದೆ. ಆದ್ದರಿಂದ ಮುಂದಿನದು ಕೇಳಿದ ಮಾತಲ್ಲ.

ಜಮಾದಾರ ಮತ್ತು ನಾಲ್ವರು ಪೊಲೀಸರು ಓಣಿಯ ಬಾಯಿಯಲ್ಲಿ ನಿಂತು ಜನರನ್ನು ಎಚ್ಚರಿಸಿದರು: "ಸರೀರಿ, ಸರೀರಿ, ಕೈಯಾಗ ಕೊಡ್ಲಿ ಐತಿ." ಐದು ದಿನ ಆ ಹೆಣ್ಣುಮಗಳಿಗೆ ಗಂಜಿ ಕಾಸಿ ಕೊಟ್ಟ ಓಣಿ ಅದು. ಕೊಡಲಿಯ ಹೆಸರು ಕೇಳಿದೊಡನೆ ಅದೇ ಓಣಿ ಕಲ್ಲು ಆರಿಸಿಕೊಂಡಿತು. ಗೌಸಬಿ ಮಗ್ಗದ ಕುಣಿಯ ದಂಡೆಯ ಮೇಲೆ ಕುಳಿತಿದ್ದಳು. ಕೂಸು ಅತ್ತೆ ಮೋತಿಬಿಯ ಮಡಿಲಲ್ಲಿ ಮಲಗಿತ್ತು. ಗೌಸಬಿಯ ಸೆರಗಿನ ಕೆಳಗೆ ಏನೋ ಒಂದು ಇತ್ತು, ಅದನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದಳು. "ತಗಿ ಕೊಡ್ಲಿ! ಕೆಳಗ ಒಗಿ!" ಎಂದು ಜಮಾದಾರ ಗರ್ಜಿಸಿದ. ಅವಳು ಅವನನ್ನು ನೋಡಿ, "ಸಾವಕಾಶ ಮಾತಾಡ್ರಿ, ಮಲಗೈತಿ" ಎಂದಳು. ಲಾಠಿ ಅವಳ ಮಣಿಕಟ್ಟಿನ ಮೇಲೆ ಬಿತ್ತು. ಒಣ ಜೋಳದ ದಂಟು ಮುರಿದ ಸಪ್ಪಳ. ಸೆರಗಿನಿಂದ ಕೆಳಗೆ ಬಿದ್ದದ್ದು ಕೂಸಿನ ಬಟ್ಟೆಗಳನ್ನು ಸುತ್ತಿ ಮಾಡಿದ ಒಂದು ಗಂಟು. ಅದಕ್ಕೆ ಅವಳು ಕುಂಚಿಗೆ ತೊಡಿಸಿದ್ದಳು.

ಅಷ್ಟಕ್ಕೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅವಳು ಆ ಗಂಟಿನ ಮೇಲೆ ಬಿದ್ದಳು, ಅವರು ಅವಳ ಮೇಲೆ ಬಿದ್ದರು. ಕೂದಲು ಹಿಡಿದು ಎಳೆದಾಗ ಅವಳ ಮುಖ ಮಗ್ಗದ ಮರಕ್ಕೆ ಬಡಿಯಿತು. ನೇಯ್ದು ಅರ್ಧವಾಗಿದ್ದ ಸೀರೆಯ ಮೇಲೆ ರಕ್ತ ಮತ್ತು ಹಲ್ಲು ಬಿದ್ದವು. ಖಾಜಾಸಾಬ ನಡುವೆ ಅಡ್ಡ ಬಂದ, ಅವನ ತಲೆ ಒಡೆಯಿತು. ಮೋತಿಬಿ ಕೂಸನ್ನು ಎತ್ತಿ ಹಿಡಿದು, "ಬಾಳಂತಿರೋ ಆಕಿ, ನನ್ನ ಕೊಲ್ಲಾಕ ಬಂದಿಲ್ಲೋ, ನಾ ಬದುಕೇ ಅದೀನಲ್ಲೋ, ನನ್ನ ಮಾರಿ ನೋಡ್ರೋ!" ಎಂದು ಒದರಿದಳು. ಯಾರೂ ಆ ಮಾರಿಯನ್ನು ನೋಡಲಿಲ್ಲ, ಯಾಕೆಂದರೆ ಕಾಗದದಲ್ಲಿ ಬೇರೆ ಇತ್ತು. ಗೌಸಬಿಯ ಕೈಗಳನ್ನು, ಮುರಿದದ್ದನ್ನೂ ಕೂಡಿಸಿ, ಮಗ್ಗದ ಹಗ್ಗದಿಂದಲೇ ಹಿಂದಕ್ಕೆ ಕಟ್ಟಿದರು. ಕುಪ್ಪಸ ಹಾಲಿನಿಂದ ತೊಯ್ದು ಎದೆಗೆ ಅಂಟಿತ್ತು. ಓಣಿಯುದ್ದಕ್ಕೂ ಕಲ್ಲು ಬಿದ್ದವು. ಒಂದು ಕಲ್ಲು ಜಮಾದಾರನಿಗೂ ತಾಗಿತು. ಅದನ್ನೂ ಅವಳ ಲೆಕ್ಕಕ್ಕೆ ಹಿಡಿದು ಅವಳಿಗೆ ಮತ್ತೆ ಹೊಡೆದರು.

ನಾನು ಏನು ಮಾಡಿದೆ ಎಂದು ಮಾನ್ಯರು ಕೇಳಬಹುದು. ಕೋಟಿನ ಗುಂಡಿ ಹಾಕಿಕೊಂಡು ಬಾವಿಯ ಕಟ್ಟೆಯ ಹತ್ತಿರ ನಿಂತಿದ್ದೆ. "ಆ ಕೊಡಲಿ ಸುಳ್ಳು, ಅದನ್ನು ಬರೆದವನು ನಾನು" ಎಂಬ ಆರು ಶಬ್ದಗಳು ನನ್ನ ಬಾಯಿಂದ ಬರಲಿಲ್ಲ. ಮೂವರು ಮಾಮಲೇದಾರರು ಹೊಗಳಿದ ಮನುಷ್ಯ ನಾನು.

ಪಂಚನಾಮೆಗೆ ಕೊಡಲಿ ಬೇಕಾಯಿತು. ಮನೆಯಲ್ಲಿ ಸಿಗಲಿಲ್ಲ. ಮೂರು ಮನೆ ಆಚೆಯ ರೋಶನಬಿಯ ಹಿತ್ತಿಲಿನಿಂದ ಒಂದನ್ನು ತಂದು ಚೀಟಿ ಅಂಟಿಸಿದರು. ರೋಶನಬಿ ದಿನಾಲು ಠಾಣೆಗೆ ಹೋಗಿ ಕೇಳುತ್ತಾಳೆ: "ನನ್ನ ಕೊಡ್ಲಿ ಜಾಲಿ ಕಟಗಿ ಬಿಟ್ರ ಏನೂ ಕಡದಿಲ್ರೀ ಸಾಹೇಬ್ರ, ಅದನ್ಯಾಕ ಹಿಡಕೊಂಡ ಕುಂತೀರಿ?" ಹೊಸ ಅಧಿಕಾರಿಗಳ ಮುಂದೆ ಈಗ ಅರ್ಜಿ ಇದೆ, ಪಂಚನಾಮೆ ಇದೆ, ಕೊಡಲಿ ಇದೆ. ಅವರನ್ನು ದೂರುವ ಬಾಯಿ ನನಗಿಲ್ಲ. ಅವರು ಹುಚ್ಚಿಯನ್ನು ಆಸ್ಪತ್ರೆಗೆ ಕಳಿಸುವ ಕಾಗದವನ್ನು ಓದಲಿಲ್ಲ, ಕೊಲೆಯ ಯತ್ನದ ಫಿರ್ಯಾದನ್ನು ಓದಿದರು. ಕೊಲೆಯ ಯತ್ನವನ್ನೇ ನಾನು ಬರೆದಿದ್ದೆ.

ಲಾಕಪ್ಪಿನ ನಾಲ್ಕನೆಯ ದಿನ ಅವಳಿಗೆ ಸ್ವಲ್ಪ ನಿದ್ದೆ ಹತ್ತಿತಂತೆ. ಎದ್ದವಳು ಸರಳಿನ ಹೊರಗೆ ನಿಂತ ಗಂಡನನ್ನು ಗುರುತಿಸಿ, "ಕೂಸ ಯಾರ ಹಾಲ ಕುಡದೈತಿ?" ಎಂದು ಕೇಳಿದಳು. ಹದಿನೈದು ದಿನದ ಹಿಂದೆ ಈ ಒಂದು ಮಾತು ಕೇಳಿದ್ದರೆ ಆ ಮನೆಯವರು ಸಕ್ಕರೆ ಹಂಚುತ್ತಿದ್ದರು. ಠಾಣೆಯಲ್ಲಿ ಅದನ್ನು ಬರೆದುಕೊಂಡರು: ಆರೋಪಿಯ ಬುದ್ಧಿ ನೆಟ್ಟಗಿದೆ, ತಿಳಿದೇ ಮಾತನಾಡುತ್ತಾಳೆ, ಆದ್ದರಿಂದ ಖಟ್ಲೆಗೆ ಯೋಗ್ಯಳು. ಹುಚ್ಚಿಯಾದರೆ ಲಾಠಿ, ಶಾಣ್ಯಾಳಾದರೆ ಜೇಲು. ಈ ಎರಡರ ನಡುವೆ ಮನುಷ್ಯ ಕಾಯಿಲೆ ಬೀಳಲು ಎಷ್ಟು ಅಂಗುಲ ಜಾಗವನ್ನು ಸರಕಾರ ಬಿಟ್ಟಿದೆ, ಮಾನ್ಯರೇ? ಆ ರಾತ್ರಿಯಿಂದ ಅವಳು ಮತ್ತೆ ಮಲಗಿಲ್ಲ. ಮುರಿದ ಕೈಗೆ ಈವರೆಗೆ ಪಟ್ಟಿ ಕಟ್ಟಿಲ್ಲ. ಕೂಸಿಗೆ ಮೋತಿಬಿ ಆಡಿನ ಹಾಲಿಗೆ ನೀರು ಬೆರೆಸಿ ಅರಳೆಯ ಬತ್ತಿಯಿಂದ ಕುಡಿಸುತ್ತಾಳೆ. ಅದು ನಿನ್ನೆ ಅದನ್ನೂ ಕಾರಿಕೊಂಡಿತು. ಜೇಲಿಗೆ ಹೋದರೆ ತಾಯಿ ಉಳಿಯಲಾರಳೆಂದು ನಾನು ತಿಳಿದಿದ್ದೇನೆ. ತಾಯಿ ಉಳಿಯದಿದ್ದರೆ ಕೂಸಿನ ಮಾತು ಬರೆಯಲು ನನ್ನ ಕೈ ಏಳುವುದಿಲ್ಲ.

ಇದನ್ನೆಲ್ಲ ಮನೆಯಲ್ಲಿ ನನ್ನ ಪತ್ನಿ ತುಳಸಾಬಾಯಿಗೆ ಹೇಳಿದೆ. ಕಾನೂನು ಕೆಟ್ಟದ್ದು, ದವಾಖಾನೆ ಕೆಟ್ಟದ್ದು, ಪೊಲೀಸರು ಕ್ರೂರಿಗಳು ಎಂದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಎಲ್ಲಾ ಖರೆ ಅದ. ನಿಮ್ಮ ಅಕ್ಷರ ಛಂದ ಅದ ಅಂತ ಊರೆಲ್ಲಾ ಹೊಗಳ್ತು. ಬರದದ್ದು ಖರೆ ಅದನೋ ಇಲ್ಲೋ ಅಂತ ಒಬ್ಬರರೆ ಕೇಳಿದ್ರೇನು?"

"ಹಂಗ ಬರೀದಿದ್ರ ಯಾರೂ ಬರ್ತಿದ್ದಿಲ್ಲ."

"ಈಗ ಬಂದ್ರಲ್ಲಾ."

ನಾನು ನಮೂನೆ ಪುಸ್ತಕವನ್ನು ಮುಚ್ಚಿಟ್ಟು ಈ ಕಾಗದ ಬರೆಯಲು ಕುಳಿತೆ.

ಆದಕಾರಣ ಮಾನ್ಯರಲ್ಲಿ ನನ್ನ ಬೇಡಿಕೆ. ಭಿಕ್ಷೆಯೆಂದು ತಿಳಿಯಬಾರದು.

ಗುರುವಾರದ ಒಳಗೆ ಗೌಸಬಿಯ ಮೇಲಿನ ಖಟ್ಲೆ ಹಿಂದಕ್ಕೆ ತೆಗೆಯಿಸಬೇಕು. ಅವಳನ್ನು ರೋಗಿಯೆಂದು, ಕೈಗೆ ಪಟ್ಟಿ ಕಟ್ಟಿಸಿ, ಕೂಸು ಮತ್ತು ಅತ್ತೆಯ ಸಂಗಡ, ಪೊಲೀಸರಿಲ್ಲದ ಗಾಡಿಯಲ್ಲಿ ಮನೋರೋಗದ ಆಸ್ಪತ್ರೆಗೆ ಕಳಿಸಬೇಕು. ಇಂದಿನಿಂದ ಗದಗಿನಲ್ಲಿ, ಶಿರಹಟ್ಟಿಯಲ್ಲಿ, ಲಕ್ಷ್ಮೇಶ್ವರದಲ್ಲಿ, ಮುಂಡರಗಿಯಲ್ಲಿ, ಚೇಳು ಕಡಿದವನಿಗೆ ತೆರೆಯುವ ಅದೇ ಬಾಗಿಲು ಬುದ್ಧಿ ಕದಡಿದವನಿಗೂ ತೆರೆಯಬೇಕು: ಎರಡು ಮಂಚ, ನಿದ್ದೆ ಬರಿಸುವ ಔಷಧ, ಮನೆಗೆ ಹೋಗಿ ಕೈ ಹಿಡಿದು ಕರೆತರುವ ಒಬ್ಬ ಗಂಡಾಳು, ಒಬ್ಬ ಹೆಣ್ಣಾಳು. ಮೊದಲು ಔಷಧ, ಆಮೇಲೆ ಅರ್ಜಿ. ಆ ಅರ್ಜಿಯಲ್ಲಿಯೂ, ಇವನು ಯಾರಿಗೆ ಏನು ಮಾಡಿದ ಎಂದು ಕೇಳಬಾರದು. ಎಷ್ಟು ದಿನದಿಂದ ಮಲಗಿಲ್ಲ, ಎಷ್ಟು ದಿನದಿಂದ ಉಂಡಿಲ್ಲ, ಯಾವುದಕ್ಕೆ ಅಂಜುತ್ತಾನೆ ಎಂದು ಕೇಳಬೇಕು. ಖರೆ ಹೇಳಿದರೂ ಸಹಾಯ ಸಿಗುತ್ತದೆಂದು ಗೊತ್ತಾದ ದಿನ ನಮ್ಮ ಜನ ಸುಳ್ಳು ಬರೆಸಲು ಯಾರ ಗಿಡದ ಕೆಳಗೂ ಬರುವುದಿಲ್ಲ.

ಕಾನೂನಿಗೆ ಒಬ್ಬ ಅಪರಾಧಿ ಬೇಕೇ ಬೇಕೆಂದಾದರೆ ಅದನ್ನೂ ನಾನು ಒದಗಿಸಿದ್ದೇನೆ. ಸರಕಾರಕ್ಕೆ ಸುಳ್ಳು ಹೇಳಿಕೆ ಬರೆದುಕೊಟ್ಟವನು, ಅಕ್ಷರ ಬಾರದವನ ಹೆಬ್ಬೆಟ್ಟನ್ನು ಅದರ ಕೆಳಗೆ ಒತ್ತಿಸಿದವನು ನಾನು. ಗುರುವಾರ ಮುಂಜಾನೆ ಹನ್ನೊಂದಕ್ಕೆ ಕೋರ್ಟಿನಲ್ಲಿ ನಿಂತು, ಬಾವಿಯ ಕಟ್ಟೆಯ ಹತ್ತಿರ ಹೇಳದೆ ಉಳಿದದ್ದನ್ನು ಎಲ್ಲರಿಗೂ ಕೇಳುವಂತೆ ಹೇಳುವವನಿದ್ದೇನೆ. ನನ್ನನ್ನು ಹಿಡಿಯಲು ಐವರು ಬೇಕಿಲ್ಲ, ನಾನೇ ಬರುತ್ತೇನೆ. ಮಾನ್ಯರು ಅವಳನ್ನು ಹೊರಗೆ ಬಿಡಿರಿ.

ಇಂತಿ, ಕ್ಷಮೆ ಕೇಳುವುದಕ್ಕೆ ಪುಸ್ತಕದಲ್ಲಿ ನಮೂನೆ ಸಿಗದೆ ಮೊದಲ ಸಲ ಸ್ವಂತ ವಾಕ್ಯ ಬರೆದ,

ಮಾರ್ತಾಂಡ ಗೋಪಾಲ ಅರ್ಚಕ
(ಅರ್ಜಿ ಬರೆಯುತ್ತಿದ್ದವನು)

ಲಗತ್ತು: ಪ್ರತಿಜ್ಞಾಪತ್ರ, ಒಂದು. ೧೯೨೫ರಿಂದ ಇಂದಿನವರೆಗೆ ನಾನು ಕೊಡಲಿ ಕೊಟ್ಟ ನಲವತ್ತೊಂದು ಜನರ ಹೆಸರು ಮತ್ತು ಊರು ಅದರಲ್ಲಿವೆ. ನಾನು ವಿಚಾರಿಸಿದ ಮಟ್ಟಿಗೆ ಇನ್ನೂ ಬದುಕಿರುವವರ ಹೆಸರಿನ ಕೆಳಗೆ ಗೆರೆ ಎಳೆದಿದ್ದೇನೆ. ಗೆರೆಗಳು ಒಂಬತ್ತು. ಕೊನೆಯ ಗೆರೆ ಗೌಸಬಿಯ ಹೆಸರಿನ ಕೆಳಗಿದೆ; ಅದನ್ನು ಪೆನ್ಸಿಲಿನಿಂದ ಎಳೆದಿದ್ದೇನೆ.